ಬೈಸಿಕಲ್ಲಿನ ಜನಕ ಕಾರ್ಲ್ ಡ್ರೈಸ್

ಚಿಕ್ಕಮಗಳೂರು ಜಿಲ್ಲೆಯಲ್ಲಿ ಎರಡು ಬಗೆಯ ನೆಲವಿದೆ. ಪಡುವಣದ ಮೂಡಿಗೆರೆ, ಕಳಸಗಳ ಸೀಮೆ ಮಲೆನಾಡು. ಮೂಡಣದ ಕಡೂರಿನ ಸೀಮೆ ಬಯಲುನಾಡು. ಮೂಡಿಗೆರೆಯ ಕಡೆ ಕಾಫಿಯ ತೋಟಗಳ ನಡುವೆ ಸಾಗುವ ದಾರಿಯು ಒಂದು ಹರದಾರಿಯಷ್ಟು ದೂರವೂ ಸಮವಾಗಿರುವುದು ಅಪರೂಪ. ಏರು, ತಿರುವು, ಇಳಿಜಾರು. ಅದು ಮುಗಿಯಿತೆನ್ನುವಷ್ಟರಲ್ಲಿ ಮತ್ತೆ ಏರು. ಅಲ್ಲಿ ಬೈಸಿಕಲ್ಲಿನ ಮೇಲೆ ಶಾಲೆಗೆ ಹೊರಟ ಬಾಲಕನು ಏರು ಬಂದಲ್ಲೆಲ್ಲ ಕೆಳಗಿಳಿದು, ತನ್ನನ್ನು ಹೊರಬೇಕಾದ ವಾಹನವನ್ನು ತಾನೇ ತಳ್ಳಿಕೊಂಡು ನಡೆಯುತ್ತಾನೆ. ಕಡೂರಿನ ಬಯಲಿನಲ್ಲಿ ಈ ಕಷ್ಟವಿಲ್ಲ. ಅಯ್ಯನಕೆರೆ, ಮದಗದಕೆರೆಗಳ ನೀರನ್ನುಂಡು ವೇದಾವತಿಯ ಆಸುಪಾಸಿನಲ್ಲಿ ಹರಡಿಕೊಂಡಿರುವ ಆ ನೆಲದಲ್ಲಿ, ವಾಹನಗಳ ಸದ್ದಿಲ್ಲದ ಹಳ್ಳಿಯ ದಾರಿಯೊಂದನ್ನು ಹಿಡಿದರೆ ಬೈಸಿಕಲ್ಲು ತಾನಾಗಿಯೇ ಓಡುತ್ತಿದೆಯೋ ಎಂಬ ಭ್ರಮೆಯುಂಟಾಗುತ್ತದೆ. ಕೆರೆಯ ಏರಿ, ಗದ್ದೆಯ ಬದು, ಬಾನಿನ ಹಕ್ಕಿ ಇವೆಲ್ಲವೂ ನಮ್ಮ ಜೊತೆಜೊತೆಗೆ ಸಾಗುತ್ತವೆ.

ಬೈಸಿಕಲ್ಲಿನ ಪೂರ್ವಜವಾದ ಯಂತ್ರವು ಮೊಟ್ಟಮೊದಲು ಓಡಿದ್ದೂ ಇಂತಹ ಸಮತಟ್ಟಾದ ನದೀಬಯಲಿನ ದಾರಿಯಲ್ಲಿಯೇ. ಆದರೆ ಅದನ್ನು ರೂಪಿಸಿದವನು ಅರಣ್ಯದ ಅಧಿಕಾರಿ. ಹುಟ್ಟಿನಿಂದ ಶ್ರೀಮಂತನಾಗಿ, ಮನಸ್ಸಿನಿಂದ ಜನಸಾಮಾನ್ಯನಾಗಿ, ಕೊನೆಗೆ ಕೈಯಲ್ಲಿ ಕಾಸಿಲ್ಲದೆ ಕಣ್ಮುಚ್ಚಿದ ಆತನ ಹೆಸರು ಕಾರ್ಲ್ ಡ್ರೈಸ್.

ಇಂದಿನ ಜರ್ಮನಿಯ ನೈಋತ್ಯ ಭಾಗದಲ್ಲಿ ಅಂದು ಬಾಡೆನ್ ಎಂಬ ಪ್ರತ್ಯೇಕ ರಾಜ್ಯವಿದ್ದಿತು. ಅದರ ರಾಜಧಾನಿಯಾದ ಕಾರ್ಲ್ಸ್‌ರೂಹೆ ನಗರದಲ್ಲಿ 1785ರ ಏಪ್ರಿಲ್ 29ರಂದು ಡ್ರೈಸ್ ಜನಿಸಿದನು. ಅವನದು ಬ್ಯಾರನ್ ಎಂಬ ಪದವಿಯುಳ್ಳ ಕುಲೀನ ಮನೆತನ. ತಂದೆ ನ್ಯಾಯಾಧೀಶನಾಗಿದ್ದು, ಮುಂದೆ ರಾಜ್ಯದ ಅತ್ಯುನ್ನತ ನ್ಯಾಯಪೀಠದ ಮುಖ್ಯಸ್ಥನಾದನು. ಮನೆತನದ ಅಂತಸ್ತಿಗೆ ತಕ್ಕ ಸರ್ಕಾರಿ ಹುದ್ದೆ ದೊರೆಯಲೆಂದು ಬಾಲಕನನ್ನು ಅರಣ್ಯವಿದ್ಯೆಯ ಕಲಿಕೆಗೆ ಹಾಕಿದರು. ಅವನ ಚಿಕ್ಕಪ್ಪನೇ ಅಂತಹ ಶಾಲೆಯೊಂದನ್ನು ನಡೆಸುತ್ತಿದ್ದನು. ಅನಂತರ ಡ್ರೈಸ್ ಹೈಡಲ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಗಣಿತ, ಭೌತವಿಜ್ಞಾನ ಮೊದಲಾದ ವಿಷಯಗಳನ್ನು ವ್ಯಾಸಂಗ ಮಾಡಿದನು. 1810ರ ಹೊತ್ತಿಗೆ ಅರಣ್ಯಾಧಿಕಾರಿಯ ಪದವಿ ಅವನ ಪಾಲಿಗೆ ಬಂದಿತು.

ಆದರೆ ಅವನ ಮನಸ್ಸು ಮರಗಳ ಎಣಿಕೆಯಲ್ಲಿ ನಿಲ್ಲಲಿಲ್ಲ. ಮರದಿಂದ ಏನೇನು ಮಾಡಬಹುದೆಂಬ ಯೋಚನೆಯಲ್ಲಿ ಮುಳುಗಿತು. ಸಂಬಳಸಹಿತವಾದ ರಜೆಯನ್ನು ಪಡೆದು ಅವನು ತಂದೆಯಿದ್ದ ಮಾನ್‌ಹೈಮ್ ನಗರಕ್ಕೆ ಬಂದು ನೆಲೆಸಿದನು. ಪಿಯಾನೋ ನುಡಿಸುತ್ತಿದ್ದಂತೆ ಸ್ವರಗಳನ್ನು ಕಾಗದದ ಮೇಲೆ ಗುರುತಿಸುವ ಸಾಧನವೊಂದು ಅವನ ಮೊದಲ ಸಾಹಸಗಳಲ್ಲಿ ಸೇರಿದೆ. ಬಳಿಕ ಅವನ ಗಮನ ವಾಹನಗಳ ಕಡೆಗೆ ಹರಿಯಿತು. ಕುದುರೆಯಿಲ್ಲದೆ, ಒಳಗೆ ಕುಳಿತವರ ಬಲದಿಂದಲೇ ಚಲಿಸುವ ನಾಲ್ಕು ಚಕ್ರದ ಗಾಡಿಯನ್ನು ಅವನು 1813ರ ಸುಮಾರಿಗೆ ಕಟ್ಟಿದನು. ನೆಪೋಲಿಯನ್ನನ ಸೋಲಿನ ಅನಂತರ ಯುರೋಪಿನ ಅರಸರೆಲ್ಲ ವಿಯೆನ್ನಾ ನಗರದಲ್ಲಿ ಸಭೆ ಸೇರಿದಾಗ ಅಲ್ಲಿಯೂ ಅದನ್ನು ಪ್ರದರ್ಶಿಸಿದನು. ನೋಡಿದವರು ಬೆರಗಾದರೇ ಹೊರತು ಕೈಹಿಡಿದವರು ಯಾರೂ ಇರಲಿಲ್ಲ. ಗಾಡಿ ಭಾರವಾಗಿತ್ತು, ದಾರಿಗಳು ಕೆಟ್ಟದ್ದಾಗಿದ್ದವು, ಕುದುರೆಗಳಂತೂ ಬೇಕಾದಷ್ಟಿದ್ದವು. ಇಷ್ಟಿರುವಾಗ ಬೆವರು ಸುರಿಸಿ ಗಾಡಿ ನಡೆಸುವ ಅಗತ್ಯವಾದರೂ ಯಾರಿಗೆ?

ಆ ಅಗತ್ಯವು ಬಹುದೂರದ ಒಂದು ದ್ವೀಪದಿಂದ ಬಂದಿರಬಹುದೆಂದು ಕೆಲವು ವಿದ್ವಾಂಸರು ತರ್ಕಿಸುತ್ತಾರೆ. 1815ರ ಏಪ್ರಿಲ್ ತಿಂಗಳಲ್ಲಿ ಇಂದಿನ ಇಂಡೋನೇಷ್ಯಾದ ಸುಂಬಾವಾ ದ್ವೀಪದಲ್ಲಿ ತಂಬೋರಾ ಎಂಬ ಅಗ್ನಿಪರ್ವತ ಸಿಡಿಯಿತು. ಮುಗಿಲೆತ್ತರಕ್ಕೆ ಚಿಮ್ಮಿದ ಬೂದಿ ಮತ್ತು ಅನಿಲಗಳು ಸೂರ್ಯನ ಬಿಸಿಲಿಗೆ ತೆರೆಯಾದವು. ಮರುವರ್ಷ, ಎಂದರೆ 1816ರಲ್ಲಿ, ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಎಡೆಬಿಡದ ಮಳೆ ಮತ್ತು ಚಳಿಯಿಂದ ಬೆಳೆ ನಾಶವಾಯಿತು. ನಮ್ಮಲ್ಲಿ ಕುದುರೆಗೆ ಹುರುಳಿ ಹೇಗೋ ಅಲ್ಲಿ ಓಟ್ಸ್ ಹಾಗೆ. ಅದರ ಬೆಲೆ ಗಗನಕ್ಕೇರಿತು. ಮನುಷ್ಯರಿಗೇ ಕೂಳಿಲ್ಲದ ಕಾಲದಲ್ಲಿ ಕುದುರೆಗಳನ್ನು ಸಾಕುವವರಾರು? ಹಸಿವಿನಿಂದ ಅವು ಸತ್ತವು; ಕೆಲವೆಡೆ ಜನರೇ ಅವುಗಳನ್ನು ಕೊಂದು ತಿಂದರು. ಮೇವು ಕೇಳದ, ಲಾಯ ಬೇಡದ, ಬಡವನಿಗೂ ಎಟುಕಬಲ್ಲ ವಾಹನವೊಂದರ ಬೆಲೆ ಜನರಿಗೆ ತಿಳಿಯುವ ಕಾಲ ಒದಗಿತು. ಈ ತರ್ಕವನ್ನು ಎಲ್ಲರೂ ಒಪ್ಪಲಿ, ಬಿಡಲಿ, ಆ ಬರಗಾಲದ ಬೆನ್ನಿನಲ್ಲಿಯೇ ಡ್ರೈಸನ ಎರಡನೆಯ ವಾಹನ ಸಿದ್ಧವಾಯಿತೆಂಬುದು ನಿಜ.

ಈ ಬಾರಿ ಅವನು ನಾಲ್ಕು ಚಕ್ರಗಳಲ್ಲಿ ಎರಡನ್ನು ತೆಗೆದುಹಾಕಿದನು. ಉಳಿದ ಎರಡನ್ನು ಒಂದರ ಹಿಂದೆ ಒಂದರಂತೆ ಒಂದೇ ಸಾಲಿನಲ್ಲಿ ಇಟ್ಟನು. ಇಂದು ನಮಗೆ ಇದು ಬಹಳ ಸುಲಭವಾಗಿ ಕಾಣುತ್ತದೆ. ಆದರೆ ಸಾವಿರಾರು ವರ್ಷಗಳಿಂದ ಮನುಷ್ಯನು ಬಲ್ಲ ರಥವಾಗಲಿ ಗಾಡಿಯಾಗಲಿ ಪಕ್ಕಪಕ್ಕದ ಚಕ್ರಗಳ ಮೇಲೆ ನಿಂತಿದ್ದವು. ಒಂದೇ ಸಾಲಿನ ಎರಡು ಚಕ್ರಗಳು ನಿಂತಲ್ಲಿ ನಿಲ್ಲಲಾರವು, ಬಿದ್ದುಹೋಗುತ್ತವೆ. ಅದೇ ಚಕ್ರಗಳು ಓಡತೊಡಗಿದರೆ, ಮುಂದಿನ ಚಕ್ರವನ್ನು ವಾಲಿದ ಕಡೆಗೆ ತುಸು ತಿರುಗಿಸಬಲ್ಲವನು ಬೀಳದೆ ಸಾಗಬಹುದು. ನಿಂತರೆ ಬೀಳುವ ವಸ್ತು ನಡೆದರೆ ನಿಲ್ಲುತ್ತದೆ. ಈ ಸೂಕ್ಷ್ಮವನ್ನು ವಾಹನವಾಗಿ ಮಾಡಿ ತೋರಿಸಿದ್ದೇ ಡ್ರೈಸನ ಹಿರಿಮೆ.

ಅವನು ಅದನ್ನು ಓಟದ ಯಂತ್ರವೆಂದು ಕರೆದನು. ಅದು ಬಹುಮಟ್ಟಿಗೆ ಮರದಿಂದ ಮಾಡಿದ್ದು. ಸುಮಾರು 22 ಕಿಲೋಗ್ರಾಂ ತೂಗುತ್ತಿದ್ದಿತು. ಮರದ ಚಕ್ರಗಳಿಗೆ ಕಬ್ಬಿಣದ ಪಟ್ಟಿ ಹೊಡೆದಿದ್ದರು. ನಡುವೆ ಕುಳಿತುಕೊಳ್ಳಲು ಮೆತ್ತೆಯ ಪೀಠ, ಅದರ ಮುಂದೆ ಮುಂಗೈಗಳನ್ನು ಊರಲು ಒಂದು ಹಲಗೆ, ಮುಂದಿನ ಚಕ್ರವನ್ನು ತಿರುಗಿಸಲು ಒಂದು ಹಿಡಿಕೆ, ಹಿಂದಿನ ಚಕ್ರಕ್ಕೆ ಒಂದು ತಡೆ ಇದ್ದವು. ಪೆಡಲುಗಳಾಗಲಿ ಚೈನಾಗಲಿ ಇರಲಿಲ್ಲ. ಸವಾರನು ಪೀಠದ ಮೇಲೆ ಕುಳಿತು, ನಡೆಯುವವನಂತೆ ಒಂದಾದ ಮೇಲೊಂದು ಕಾಲಿನಿಂದ ನೆಲವನ್ನು ಒದೆಯಬೇಕು. ವೇಗ ಬಂದೊಡನೆ ಕಾಲುಗಳನ್ನು ಮೇಲೆತ್ತಿಕೊಂಡು ತೇಲುವಂತೆ ಸಾಗಬಹುದು. ನಡೆಯುವವನ ಕಾಲುಗಳು ಅವನ ಮೈಭಾರವನ್ನೂ ಹೊರಬೇಕು, ಮುಂದಕ್ಕೂ ಒಯ್ಯಬೇಕು. ಇಲ್ಲಿ ಭಾರವನ್ನು ಯಂತ್ರ ಹೊರುತ್ತದೆ. ಕಾಲುಗಳಿಗೆ ಮುಂದೊತ್ತುವ ಕೆಲಸವಷ್ಟೇ ಉಳಿಯುತ್ತದೆ. ಅದೇ ಶಕ್ತಿಯಿಂದ ಮನುಷ್ಯನು ಮೊದಲಿಗಿಂತ ಬಹುದೂರ ಹೋಗಬಲ್ಲವನಾದನು.

ಯಂತ್ರ ಸಿದ್ಧವಾಯಿತು, ಅದರ ಪರೀಕ್ಷೆಗೆ ತಕ್ಕ ದಾರಿಯೊಂದು ಬೇಕಾಗಿತ್ತು. ಆ ದಾರಿ ಮಾನ್‌ಹೈಮಿನಲ್ಲಿಯೇ ಇದ್ದುದು ಡ್ರೈಸನ ಭಾಗ್ಯ. ರೈನ್ ಮತ್ತು ನೆಕ್ಕರ್ ನದಿಗಳು ಕೂಡುವ ಸ್ಥಳದಲ್ಲಿರುವ ಈ ನಗರದ ಸುತ್ತಲೂ ನದಿಗಳೇ ಹಾಸಿದ ಮಣ್ಣಿನ ವಿಶಾಲವಾದ ಬಯಲಿದೆ. ಮಾನ್‌ಹೈಮಿನ ಅರಮನೆಗೂ ಶ್ವೆಟ್ಸಿಂಗೆನ್ ಎಂಬ ಊರಿನ ಬೇಸಿಗೆಯ ಅರಮನೆಗೂ ನಡುವೆ ಅರಸರ ಸಾರೋಟುಗಳು ಓಡಾಡಲೆಂದು ಕಟ್ಟಿದ ನೇರವಾದ ರಸ್ತೆಯೊಂದಿತ್ತು. ಇಡೀ ಸೀಮೆಯಲ್ಲಿ ಅಷ್ಟು ಒಳ್ಳೆಯ ರಸ್ತೆ ಬೇರೊಂದಿರಲಿಲ್ಲ.

1817ರ ಜೂನ್ 12ರಂದು, ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ, ಡ್ರೈಸ್ ತನ್ನ ಯಂತ್ರವನ್ನೇರಿ ಈ ರಸ್ತೆಯಲ್ಲಿ ಹೊರಟನು. ದಾರಿಯ ನಡುವೆ ಅಂಚೆಯ ಕುದುರೆಗಳನ್ನು ಬದಲಾಯಿಸುವ ತಂಗುಮನೆಯೊಂದಿತ್ತು. ಅಲ್ಲಿಯವರೆಗೆ ಹೋಗಿ, ಯಂತ್ರವನ್ನು ತಿರುಗಿಸಿಕೊಂಡು, ಬಂದ ದಾರಿಯಲ್ಲಿಯೇ ಮನೆಗೆ ಹಿಂದಿರುಗಿದನು. ಹೋಗಿಬರುವ ದೂರ ಸುಮಾರು 14 ಕಿಲೋಮೀಟರು. ಅದಕ್ಕೆ ಹಿಡಿದ ಕಾಲ ಒಂದು ಗಂಟೆಗೂ ಕಡಿಮೆ. ಕುದುರೆಯ ಗೊರಸಿನ ಸದ್ದಿಲ್ಲ, ಚಾವಟಿಯ ಸದ್ದಿಲ್ಲ. ಒಬ್ಬ ಮನುಷ್ಯನು ತನ್ನ ಕಾಲುಗಳ ಬಲವೊಂದನ್ನೇ ನಂಬಿ, ನಡೆಯುವವರ ಮೂರು ಪಾಲು ವೇಗದಲ್ಲಿ ಆ ಬಯಲಿನ ದಾರಿಯನ್ನು ದಾಟಿದನು. ಬೈಸಿಕಲ್ಲಿನ ಇತಿಹಾಸ ಆರಂಭವಾಗುವುದು ಈ ಒಂದು ಗಂಟೆಯ ಸವಾರಿಯಿಂದ.

ಸಮನೆಲದಲ್ಲಿ ಯಾರೂ ಓಡಿಸಬಹುದೆಂಬ ಆಕ್ಷೇಪ ಬಾರದಿರಲೆಂದೋ ಏನೋ, ಅದೇ ಬೇಸಿಗೆಯಲ್ಲಿ ಅವನು ಬೆಟ್ಟದ ದಾರಿಯನ್ನೂ ಹಿಡಿದನು. ಗೆರ್ನ್ಸ್‌ಬಾಖ್ ಎಂಬ ಊರಿನಿಂದ ಬೆಟ್ಟವನ್ನು ದಾಟಿ ಬಾಡೆನ್-ಬಾಡೆನ್ ನಗರವನ್ನು ತಲುಪಿದನು. ಮೂಡಿಗೆರೆಯ ಮಕ್ಕಳಿಗೆ ಈ ಸವಾರಿಯ ಶ್ರಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಏರಿನಲ್ಲಿ ಯಂತ್ರವು ಹೊರೆಯಾಗುತ್ತದೆ. ಇಳಿಜಾರಿನಲ್ಲಿ ಕೈಮೀರಿದ ಕುದುರೆಯಾಗುತ್ತದೆ. ಅವನು ತಡೆಯನ್ನು ಅಳವಡಿಸಿದ್ದು ಎಷ್ಟು ವಿವೇಕದ ಕೆಲಸವೆಂಬುದು ಅಂತಹ ಇಳಿಜಾರುಗಳಲ್ಲಿಯೇ ತಿಳಿಯುವುದು.

ಸುದ್ದಿ ಹರಡಿತು. 1818ರ ಜನವರಿ 12ರಂದು ಬಾಡೆನ್ನಿನ ದೊರೆಯು ಡ್ರೈಸನಿಗೆ ಹತ್ತು ವರ್ಷಗಳ ಏಕಸ್ವಾಮ್ಯದ ಹಕ್ಕುಪತ್ರವನ್ನು ದಯಪಾಲಿಸಿದನು. ಯಂತ್ರವಿಜ್ಞಾನದ ಪ್ರಾಧ್ಯಾಪಕನೆಂಬ ಬಿರುದೂ ಜೀವನಕ್ಕೆ ಸಾಲುವಷ್ಟು ವೇತನವೂ ದೊರೆತವು. ಅದೇ ವರ್ಷ ಫ್ರಾನ್ಸಿನಲ್ಲಿಯೂ ಹಕ್ಕುಪತ್ರ ಸಿಕ್ಕಿತು. ಶೀಘ್ರಪಾದ ಎಂಬ ಅರ್ಥದ ವೆಲಾಸಿಪೀಡ್ ಎಂಬ ಹೆಸರು ಅಲ್ಲಿ ಹುಟ್ಟಿತು. ಲಂಡನ್ನಿನಲ್ಲಿ ಡೆನಿಸ್ ಜಾನ್ಸನ್ ಎಂಬ ಗಾಡಿ ತಯಾರಕನು ಅದನ್ನು ಸುಧಾರಿಸಿ ಮಾರತೊಡಗಿದನು. ಶೋಕಿಲಾಲರಾದ ತರುಣರು ಅದರ ಮೇಲೆ ಮುಗಿಬಿದ್ದರು, ವ್ಯಂಗ್ಯಚಿತ್ರಕಾರರಿಗೆ ಹಬ್ಬವಾಯಿತು. ಆದರೆ ಬಾಡೆನ್ನಿನ ಹಕ್ಕುಪತ್ರಕ್ಕೆ ಹೊರನಾಡುಗಳಲ್ಲಿ ಬೆಲೆಯಿರಲಿಲ್ಲ. ಊರೂರುಗಳಲ್ಲಿ ಬಡಗಿಗಳೂ ಕಮ್ಮಾರರೂ ನಕಲು ಮಾಡಿದರು. ಯಂತ್ರ ಲೋಕವನ್ನು ಸುತ್ತಿತು. ಅದರ ಲಾಭ ಡ್ರೈಸನ ಮನೆಯ ಬಾಗಿಲನ್ನು ತಟ್ಟಲಿಲ್ಲ.

ಅಷ್ಟರಲ್ಲಿ ಮತ್ತೊಂದು ಸಂಕಟ ಎದುರಾಯಿತು. ಶ್ವೆಟ್ಸಿಂಗೆನ್ನಿನ ರಸ್ತೆಯಂತಹ ರಸ್ತೆಗಳು ಎಲ್ಲೆಡೆಯೂ ಇರಲಿಲ್ಲ. ಸಾರೋಟು, ಬಂಡಿಗಳ ಚಕ್ರಗಳು ಸಾಮಾನ್ಯ ರಸ್ತೆಗಳನ್ನು ಕೊರೆದು ಹಳ್ಳ ಮಾಡಿದ್ದವು. ಎರಡೇ ಚಕ್ರಗಳ ಮೇಲೆ ಮೈಯನ್ನು ತೂಗಿಸಿಕೊಂಡು ಹೋಗುವ ಸವಾರನು ಆ ಹಳ್ಳಗಳಲ್ಲಿ ಸಿಕ್ಕಿದರೆ ಬೀಳುವುದೇ ಸೈ. ಆದುದರಿಂದ ಸವಾರರು ನುಣುಪಾಗಿದ್ದ ಕಾಲುದಾರಿಗಳನ್ನು ಹತ್ತಿದರು. ನಡೆಯುವವರಿಗೆ ಭಯವಾಯಿತು; ದೂರುಗಳು ಬಂದವು. 1817ರ ಡಿಸೆಂಬರಿನಲ್ಲಿಯೇ, ಯಂತ್ರ ಹುಟ್ಟಿದ ಮಾನ್‌ಹೈಮಿನಲ್ಲಿ ಕಾಲುದಾರಿಯ ಮೇಲೆ ಅದನ್ನು ಓಡಿಸುವುದನ್ನು ನಿಷೇಧಿಸಲಾಯಿತು. ಇಟಲಿಯ ಮಿಲಾನ್, ಇಂಗ್ಲೆಂಡಿನ ಲಂಡನ್, ಅಮೆರಿಕದ ಪಟ್ಟಣಗಳು ಇದೇ ಜಾಡನ್ನು ಹಿಡಿದವು. ನಮ್ಮ ದೇಶದ ಕಲ್ಕತ್ತೆಯಲ್ಲಿಯೂ ಅಂತಹ ನಿಷೇಧ ಬಂದಿತು. ರಸ್ತೆಯಲ್ಲಿ ಹೋದರೆ ಬೀಳುವ ಭಯ, ಕಾಲುದಾರಿಯಲ್ಲಿ ಹೋದರೆ ದಂಡದ ಭಯ. ಹೀಗಾಗಿ ಕೆಲವೇ ವರ್ಷಗಳಲ್ಲಿ ಡ್ರೈಸನ ಯಂತ್ರವು ಬಳಕೆಯಿಂದ ಮರೆಯಾಯಿತು. ಒಂದು ವಾಹನ ಬಾಳಬೇಕಾದರೆ ಅದರ ಸ್ವಭಾವಕ್ಕೊಪ್ಪುವ ದಾರಿಯೂ ಇರಬೇಕೆಂಬ ಸತ್ಯವನ್ನು ಅದರ ಕಥೆಯು ತಿಳಿಸುತ್ತದೆ.

ಡ್ರೈಸನ ಸ್ವಂತ ಬಾಳಿನಲ್ಲಿಯೂ ಬಿರುಗಾಳಿ ಎದ್ದಿತು. 1819ರಲ್ಲಿ ಮಾನ್‌ಹೈಮಿನಲ್ಲಿ ಕಾರ್ಲ್ ಜಾಂಡ್ ಎಂಬ ವಿದ್ಯಾರ್ಥಿಯು ಕೋಟ್ಸೆಬು ಎಂಬ ನಾಟಕಕಾರನನ್ನು ರಾಜಕೀಯ ದ್ವೇಷದಿಂದ ಕೊಂದನು. ಮರುವರ್ಷ ಆ ವಿದ್ಯಾರ್ಥಿಗೆ ಮರಣದಂಡನೆಯಾಯಿತು. ಜಾಂಡನನ್ನು ವೀರನೆಂದು ಭಾವಿಸಿದವರು ಅನೇಕರಿದ್ದರು. ಹಿರಿಯ ನ್ಯಾಯಾಧೀಶನಾಗಿದ್ದ ಡ್ರೈಸನ ತಂದೆ ಅವನ ಕ್ಷಮಾದಾನದ ಪರವಾಗಿ ನಿಲ್ಲಲಿಲ್ಲವೆಂಬ ಕೋಪವನ್ನು ಅವರು ಮಗನ ಮೇಲೆ ತೀರಿಸಿಕೊಂಡರು. ಮಗನಾದರೋ ಸ್ವತಃ ಜನರ ಹಕ್ಕುಗಳ ಪಕ್ಷಪಾತಿ. ಆದರೂ ತಂದೆಯ ಹೆಸರಿಗಾಗಿ ಅವನು ಹೋದಲ್ಲೆಲ್ಲ ಅವಮಾನವನ್ನು ಉಣ್ಣಬೇಕಾಯಿತು. 1822ರಲ್ಲಿ ಅವನು ಹಡಗನ್ನೇರಿ ಬ್ರೆಜಿಲ್ಲಿಗೆ ತೆರಳಿದನು. ಅಲ್ಲಿ ನಿಸರ್ಗವಿಜ್ಞಾನಿಯಾದ ಲಾಂಗ್ಸ್‌ಡಾರ್ಫನ ಬಳಿ ಭೂಮಾಪಕನಾಗಿ ಕೆಲಸ ಮಾಡಿದನು. ಸುಖವಾದ ನದೀಬಯಲನ್ನು ಬಿಟ್ಟು ಕಡಲಾಚೆಯ ಕಾಡಿನಲ್ಲಿ ಸರಪಳಿ ಹಿಡಿದು ನೆಲವನ್ನಳೆಯುತ್ತ ಕಳೆದ ಆ ವರ್ಷಗಳಲ್ಲಿ, ಅರಣ್ಯಾಧಿಕಾರಿಯಾಗಿ ಪಡೆದ ಶಿಕ್ಷಣವೇ ಅವನಿಗೆ ಅನ್ನ ನೀಡಿತು.

1827ರಲ್ಲಿ ಅವನು ತಾಯ್ನಾಡಿಗೆ ಹಿಂದಿರುಗಿದನು. ಕಷ್ಟಗಳು ಅವನ ಬುದ್ಧಿಯನ್ನು ಮಂಕಾಗಿಸಿರಲಿಲ್ಲ. 1821ರಲ್ಲಿಯೇ ಅವನು ಕೀಲಿಮಣೆಯುಳ್ಳ ಬೆರಳಚ್ಚು ಯಂತ್ರವೊಂದನ್ನು ರಚಿಸಿದ್ದನು. ಈಗ ಅದನ್ನು ಸುಧಾರಿಸಿ, ಆಡಿದ ಮಾತನ್ನು ಬೇಗ ಬರೆದುಕೊಳ್ಳಬಲ್ಲ ಶೀಘ್ರಲಿಪಿಯ ಯಂತ್ರವನ್ನು ಮಾಡಿದನು. ಸೌದೆಯನ್ನು ಉಳಿಸುವ ಒಲೆಯ ಕಡೆಗೂ ಗಮನ ಕೊಟ್ಟನು. ಸೌದೆಯ ಬೆಲೆ ಅರಣ್ಯವನ್ನು ಬಲ್ಲವನಿಗೆ ತಿಳಿಯದೆ ಇದ್ದೀತೆ? ಆದರೆ 1830ರಲ್ಲಿ ತಂದೆ ತೀರಿಕೊಂಡ ಮೇಲೆ ಅವನಿಗೆ ಆಸರೆಯಾಗುವವರು ಉಳಿಯಲಿಲ್ಲ. ಹಳೆಯ ದ್ವೇಷವು ಬೆಂಬಿಡಲಿಲ್ಲ. ಕೊಲೆಯ ಪ್ರಯತ್ನವೊಂದರಿಂದ ಪಾರಾದ ಬಳಿಕ ಅವನು ನಗರವನ್ನು ತೊರೆದು, ಓಡೆನ್‌ವಾಲ್ಡ್ ಬೆಟ್ಟಸಾಲಿನ ವಾಲ್ಡ್‌ಕಾಟ್ಸೆನ್‌ಬಾಖ್ ಎಂಬ ಹಳ್ಳಿಯನ್ನು ಸೇರಿದನು. ಸಮನೆಲದ ಸವಾರಿಗೆ ಹೆಸರಾದವನು ಕಾಡುಬೆಟ್ಟಗಳ ನಡುವೆ 1845ರವರೆಗೆ ಬಾಳಿದನು. ಅಲ್ಲಿಯೂ ಅವನ ಕೈಗಳು ಸುಮ್ಮನಿರಲಿಲ್ಲ. ರೈಲು ಹಳಿಗಳ ಮೇಲೆ ಮನುಷ್ಯನ ಬಲದಿಂದ ಓಡುವ ಗಾಡಿಯನ್ನು ಅವನು ರೂಪಿಸಿದನು. ಹಳಿಗಳನ್ನು ತಪಾಸಣೆ ಮಾಡುವವರು ಬಳಸುವ ಟ್ರಾಲಿಗೆ ಯುರೋಪಿನ ಹಲವು ಭಾಷೆಗಳಲ್ಲಿ ಇಂದಿಗೂ ಡ್ರೈಸನ ಹೆಸರೇ ಇದೆ.

ಅವನು ಹುಟ್ಟೂರಾದ ಕಾರ್ಲ್ಸ್‌ರೂಹೆಗೆ ಮರಳಿದ ಕೆಲವೇ ವರ್ಷಗಳಲ್ಲಿ ಯುರೋಪಿನಾದ್ಯಂತ ಕ್ರಾಂತಿಯ ಕಿಡಿ ಹೊತ್ತಿತು. ಅರಸರ ನಿರಂಕುಶತ್ವ ಕೊನೆಗಾಣಬೇಕು, ಪ್ರಜೆಗಳೆಲ್ಲರಿಗೂ ಸಮಾನ ಹಕ್ಕು ಬೇಕು ಎಂದು 1848 ಮತ್ತು 1849ರಲ್ಲಿ ಬಾಡೆನ್ನಿನ ಜನ ಎದ್ದುನಿಂತರು. ಅರವತ್ತನ್ನು ದಾಟಿದ ಡ್ರೈಸ್ ಆಗ ಮಾಡಿದ ಕಾರ್ಯವು ಅವನ ಯಂತ್ರಕ್ಕಿಂತ ಕಿರಿದಲ್ಲ. ಹುಟ್ಟಿನಿಂದ ಬಂದಿದ್ದ ಬ್ಯಾರನ್ ಪದವಿಯನ್ನು ಅವನು ಬಹಿರಂಗವಾಗಿ ತ್ಯಜಿಸಿದನು. ತನ್ನ ಹೆಸರಿನಲ್ಲಿ ಕುಲೀನತೆಯನ್ನು ಸೂಚಿಸುವ ಭಾಗವನ್ನು ಕಳಚಿ, ತಾನು ಇನ್ನು ಮುಂದೆ ಕೇವಲ ಪೌರನಾದ ಕಾರ್ಲ್ ಡ್ರೈಸ್ ಎಂದು ಸಾರಿದನು. ಕುದುರೆಯಿದ್ದವನೂ ಇಲ್ಲದವನೂ ಒಂದೇ ದಾರಿಯಲ್ಲಿ ಒಂದೇ ವೇಗದಿಂದ ಸಾಗಬಲ್ಲ ವಾಹನವನ್ನು ಕಟ್ಟಿದವನಿಗೆ ಇದು ಸಹಜವಾದ ಹೆಜ್ಜೆಯೇ ಆಗಿತ್ತು.

ಕ್ರಾಂತಿಯು ಹೆಚ್ಚು ದಿನ ನಿಲ್ಲಲಿಲ್ಲ. 1849ರ ಬೇಸಿಗೆಯಲ್ಲಿ ಪ್ರಷ್ಯದ ಸೈನ್ಯವು ಅದನ್ನು ಹತ್ತಿಕ್ಕಿತು. ಮತ್ತೆ ಅಧಿಕಾರಕ್ಕೆ ಬಂದ ಅರಸೊತ್ತಿಗೆಯವರು ಡ್ರೈಸನನ್ನು ಹುಚ್ಚನೆಂದು ಸಾಬೀತುಪಡಿಸಿ ಕೂಡಿಹಾಕಲು ಯತ್ನಿಸಿದರು. ಕ್ರಾಂತಿಯಿಂದಾದ ವೆಚ್ಚಕ್ಕೆಂದು ಅವನ ವೇತನವನ್ನು ಮುಟ್ಟುಗೋಲು ಹಾಕಿಕೊಂಡರು. ಯಾವ ದೊರೆಯ ಮನೆತನವು ಒಮ್ಮೆ ಅವನಿಗೆ ಪ್ರಾಧ್ಯಾಪಕ ಬಿರುದನ್ನು ಕೊಟ್ಟಿತ್ತೋ ಅದರ ಆಳ್ವಿಕೆಯಲ್ಲಿಯೇ ಅವನು ನಿರ್ಗತಿಕನಾದನು. 1851ರ ಡಿಸೆಂಬರ್ 10ರಂದು, ತನ್ನ ಅರವತ್ತಾರನೆಯ ವಯಸ್ಸಿನಲ್ಲಿ, ಕಾರ್ಲ್ಸ್‌ರೂಹೆಯಲ್ಲಿ ಅವನು ಕೊನೆಯುಸಿರೆಳೆದನು.

ಅವನು ಕೊನೆಯ ದಿನಗಳನ್ನು ಕಳೆದ ಮನೆಗೆ ಎರಡು ಬೀದಿಗಳಾಚೆ ಆಗ ಏಳು ವರ್ಷದ ಬಾಲಕನೊಬ್ಬನು ಬೆಳೆಯುತ್ತಿದ್ದನು. ಆ ಬಾಲಕನೇ ಕಾರ್ಲ್ ಬೆಂಜ್. ಮುಂದೆ ಅವನು ಡ್ರೈಸನ ಮಾನ್‌ಹೈಮಿನಲ್ಲಿಯೇ ಪೆಟ್ರೋಲಿಯಂ ಎಣ್ಣೆಯಿಂದ ಓಡುವ ಮೋಟಾರು ಗಾಡಿಯನ್ನು ನಿರ್ಮಿಸಿ 1886ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಬೈಸಿಕಲ್ಲುಗಳಲ್ಲಿರುವಂತಹ ತಂತಿಕಡ್ಡಿಯ ಚಕ್ರಗಳ ಮೇಲೆಯೇ ಆ ಗಾಡಿ ನಿಂತಿತ್ತು. ನಿಶ್ಶಬ್ದವಾದ ವಾಹನವೂ, ರಸ್ತೆಗಳ ಮೌನವನ್ನು ಮುರಿದ ವಾಹನವೂ ಒಂದೇ ನಗರದಿಂದ ಹೊರಟುದು ಇತಿಹಾಸದ ಸೋಜಿಗಗಳಲ್ಲಿ ಒಂದು.

ಡ್ರೈಸನ ಯಂತ್ರ ಅವನೊಡನೆ ಸಾಯಲಿಲ್ಲ. 1860ರ ದಶಕದಲ್ಲಿ ಪ್ಯಾರಿಸ್ಸಿನ ಕುಶಲಿಗಳು ಮುಂದಿನ ಚಕ್ರಕ್ಕೆ ಪೆಡಲುಗಳನ್ನು ಜೋಡಿಸಿದರು. ಸವಾರನ ಕಾಲು ನೆಲವನ್ನು ಬಿಟ್ಟಿತು. 1885ರಲ್ಲಿ ಇಂಗ್ಲೆಂಡಿನ ಜಾನ್ ಸ್ಟಾರ್ಲಿಯು ಹಿಂದಿನ ಚಕ್ರವನ್ನು ಚೈನಿನಿಂದ ತಿರುಗಿಸುವ, ಎರಡೂ ಚಕ್ರಗಳು ಬಹುತೇಕ ಸಮಾನವಾಗಿರುವ ಬೈಸಿಕಲ್ಲನ್ನು ಮಾರುಕಟ್ಟೆಗೆ ತಂದನು. 1888ರಲ್ಲಿ ಪಶುವೈದ್ಯನಾದ ಜಾನ್ ಡನ್‌ಲಪ್ ಗಾಳಿ ತುಂಬಿದ ರಬ್ಬರಿನ ಟೈರಿಗೆ ಹಕ್ಕುಪತ್ರ ಪಡೆದನು. ಮೂಳೆ ಅಲುಗಿಸುವ ಕುಲುಕಾಟ ತಗ್ಗಿತು. ಬೈಸಿಕಲ್ಲು ಶ್ರೀಮಂತರ ಆಟಿಕೆಯಾಗಿದ್ದ ಕಾಲ ಹೋಗಿ, ಕಾರ್ಮಿಕನ, ಅಂಚೆಯವನ, ಹಾಲು ಮಾರುವವನ, ಶಿಕ್ಷಕಿಯ ಒಡನಾಡಿಯಾಯಿತು. ಆಗ ಜರ್ಮನಿಯ ಬೈಸಿಕಲ್ ಸವಾರರಿಗೆ ಮರೆತುಹೋದ ಮೂಲಪುರುಷನ ನೆನಪಾಯಿತು. ಅವನ ಅಸ್ಥಿಗಳನ್ನು ಗೌರವದಿಂದ ಹೊಸ ರುದ್ರಭೂಮಿಗೆ ಸಾಗಿಸಿದರು; 1893ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಅವನ ಸ್ಮಾರಕವನ್ನು ನಿಲ್ಲಿಸಿದರು. ಬದುಕಿದ್ದಾಗ ಹುಚ್ಚನೆನಿಸಿಕೊಂಡವನು ಸತ್ತ ನಾಲ್ಕು ದಶಕಗಳ ಮೇಲೆ ಜನಕನೆನಿಸಿಕೊಂಡನು.

ನಮ್ಮ ನಾಡಿನ ಮಟ್ಟಿಗೂ ಅವನ ಋಣ ಸಣ್ಣದಲ್ಲ. 2006-07ನೆಯ ಸಾಲಿನಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿತು. ಪ್ರೌಢಶಾಲೆ ದೂರವೆಂಬ ಕಾರಣದಿಂದ ಓದು ನಿಲ್ಲಿಸಬೇಕಾಗಿದ್ದ ಹೆಣ್ಣುಮಕ್ಕಳಿಗೆ ಎರಡು ಚಕ್ರಗಳು ಎಂತಹ ನೆರವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುಗಳ ಬಲವನ್ನುಳಿದು ಬೇರೇನನ್ನೂ ಕೇಳದ ವಾಹನವು ತನ್ನ ಸ್ವಭಾವದಿಂದಲೇ ಬಡವರ ಪಕ್ಷದ್ದು. ಅದನ್ನು ಕಟ್ಟಿದವನು ಹುಟ್ಟಿನಿಂದ ಬಂದ ಪದವಿಯನ್ನು ಕೊಡವಿಕೊಂಡು ಬಡವರ ಪಕ್ಷವನ್ನೇ ಸೇರಿದನು.

ಇಂದು ರಸ್ತೆಗಳಲ್ಲಿ ಮೋಟಾರುಗಳ ಸಂಖ್ಯೆ ಬೆಳೆದಂತೆಲ್ಲ ಬೈಸಿಕಲ್ಲಿನ ಸವಾರನು ಅಂಚಿಗೆ ಸರಿಯುತ್ತಿದ್ದಾನೆ. ರಸ್ತೆಯೂ ಇಲ್ಲದೆ, ಕಾಲುದಾರಿಯೂ ಇಲ್ಲದೆ ಡ್ರೈಸನ ಯಂತ್ರ ಹೇಗೆ ಮರೆಯಾಯಿತೆಂಬುದನ್ನು ನಾವು ಕಂಡೆವು. ಆ ಕಥೆಯು ಮರುಕಳಿಸದಂತೆ, ಹಗುರವಾದ ಚಕ್ರಗಳಿಗೂ ಎಳೆಯ ಸವಾರರಿಗೂ ನಿರ್ಭಯವಾದ ದಾರಿಯನ್ನು ಉಳಿಸಿಕೊಡುವುದು ನಾಗರಿಕ ಸಮಾಜದ ಹೊಣೆ. ಕೆರೆಯ ಬದಿಯ ಮೌನದ ದಾರಿಯಲ್ಲಿ ಬೈಸಿಕಲ್ಲಿನ ಮೇಲೆ ಸಾಗುವ ಪ್ರತಿಯೊಬ್ಬ ಬಾಲಕನೂ ಬಾಲಕಿಯೂ, ತಿಳಿದೋ ತಿಳಿಯದೆಯೋ, 1817ರ ಆ ಒಂದು ಗಂಟೆಯ ಸವಾರಿಯನ್ನು ಮುಂದುವರಿಸುತ್ತಿದ್ದಾರೆ.